ನಳನ ಪಾಕ, ಹೊಯ್ಸಳನ ಕೋಣೆ

ಹಾಸನದಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ ದುದ್ದ ಒಂದು ಸಣ್ಣ ನಿಲ್ದಾಣ. ಮೈಸೂರು ಮತ್ತು ಅರಸೀಕೆರೆಗಳ ನಡುವೆ ಹಾಸನದ ಮೇಲೆ ಓಡಾಡುವ ಎಲ್ಲ ರೈಲುಗಳೂ ಈ ಊರನ್ನು ದಾಟಲೇಬೇಕು. ಸಂತೆಗೆ ಹೋಗುವವರು, ಹಾಸನದ ಕಾಲೇಜುಗಳಿಗೆ ಹೋಗುವ ಹುಡುಗರು, ಕಚೇರಿಯ ಕೆಲಸಕ್ಕೆ ಹೊರಟವರು ಪ್ಯಾಸೆಂಜರ್ ರೈಲಿಗಾಗಿ ಕಾಯುವ ತಾಣ ಇದು. ಇದೇ ಹಳಿಯ ಮೇಲೆ 2008ರಿಂದೀಚೆಗೆ ಇನ್ನೊಂದು ರೈಲು ಆಗಾಗ ಹಾದುಹೋಗಿದೆ. ನೇರಳೆ ಮತ್ತು ಹೊನ್ನಿನ ಬಣ್ಣದ ಅದರ ಮೈಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಪ್ರಾಣಿಯ ಲಾಂಛನವಿದೆ. ಅದು ದುದ್ದದಲ್ಲಿ ನಿಲ್ಲುವುದಿಲ್ಲ. ಒಳಗಿರುವವರಿಗೆ ದುದ್ದ ಕಾಣುವುದೂ ಅಪರೂಪ. ಅವರು ಆ ಹೊತ್ತಿಗೆ ಊಟದ ಮೇಜಿನ ಮುಂದೆ ಇರುತ್ತಾರೆ, ಇಲ್ಲವೆ ತಮ್ಮ ಕೋಣೆಯಲ್ಲಿ ಮಲಗಿರುತ್ತಾರೆ.

ಆ ರೈಲೇ ‘ಗೋಲ್ಡನ್ ಚಾರಿಯಟ್’, ಕನ್ನಡದಲ್ಲಿ ಸುವರ್ಣ ರಥ. ಹೆಸರಿಗೆ ಪ್ರೇರಣೆ ಹಂಪಿಯ ವಿಠಲ ದೇವಾಲಯದ ಕಲ್ಲಿನ ರಥ. ಕಡಲಿನಿಂದ ದೂರವಿರುವ ಹಾಸನ ಸೀಮೆಯಲ್ಲಿ ವಿಹಾರ ನೌಕೆಯೊಂದು ಕಾಣಿಸಿಕೊಂಡರೆ ಹೇಗಿದ್ದೀತೋ, ಈ ರೈಲು ಹೆಚ್ಚುಕಡಿಮೆ ಹಾಗೆಯೇ ಇದೆ. ಮಲಗಲು ಕೋಣೆ, ಉಣ್ಣಲು ಭೋಜನಶಾಲೆ, ಹರಟೆಗೆ ಪಾನಗೃಹ, ಮೈ ಹಗುರ ಮಾಡಿಕೊಳ್ಳಲು ಮಾಲೀಸಿನ ಮನೆ, ಎಲ್ಲವೂ ಪ್ರಯಾಣಿಕನ ಜೊತೆಗೇ ಚಲಿಸುತ್ತವೆ. ಬಂದರಿನ ಬದಲು ನಿಲ್ದಾಣ, ಅಲೆಯ ಬದಲು ಹಳಿ, ಅಷ್ಟೇ ವ್ಯತ್ಯಾಸ.

ಖಾಲಿ ಹಡಗಿನಿಂದ ಹುಟ್ಟಿದ ವಿಹಾರ

ಪ್ರಯಾಣವೆಂದರೆ ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟುವುದು. ವಿಹಾರ ಪ್ರಯಾಣದಲ್ಲಿ ಮುಟ್ಟಬೇಕಾದ ಊರೇ ಇರುವುದಿಲ್ಲ. ಹೊರಟ ಕಡೆಗೇ ತಿರುಗಿ ಬರುವುದು ಅದರ ಲಕ್ಷಣ. ಈ ಕಲ್ಪನೆ ಹುಟ್ಟಿದ್ದು ವ್ಯಾಪಾರದ ಒಂದು ಇಕ್ಕಟ್ಟಿನಿಂದ. ಜರ್ಮನಿಯ ಹ್ಯಾಂಬರ್ಗ್–ಅಮೆರಿಕ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬಾತ, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಜನ ಕಡಿಮೆಯಾಗಿ ಹಡಗುಗಳು ಖಾಲಿ ನಿಲ್ಲುವುದನ್ನು ಕಂಡ. 1891ರಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು ಬೆಚ್ಚನೆಯ ಮೆಡಿಟರೇನಿಯನ್ ಸಮುದ್ರಕ್ಕೆ ಬರಿಯ ಸುತ್ತಾಟಕ್ಕೆಂದೇ ಕಳಿಸಿದ. ಅದು ಫಲಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಸರಕು ಸಾಗಣೆಯ ಹಂಗಿಲ್ಲದೆ, ವಿಹಾರಕ್ಕೆಂದೇ ಕಟ್ಟಿದ ಹಡಗು ನೀರಿಗಿಳಿಯಿತು.

ರೈಲಿನಲ್ಲಿ ಇದಕ್ಕೂ ಮೊದಲೇ ಸಿದ್ಧತೆ ನಡೆದಿತ್ತು. ಅಮೆರಿಕದ ಜಾರ್ಜ್ ಪುಲ್‌ಮನ್ ಮಲಗುವ ಬೋಗಿಗಳನ್ನು ಜನಪ್ರಿಯಗೊಳಿಸಿ, 1868ರಲ್ಲಿ ‘ಡೆಲ್‌ಮೊನಿಕೊ’ ಎಂಬ ಭೋಜನದ ಬೋಗಿಯನ್ನು ತಂದಿದ್ದ. ಅವನಿಂದ ಸ್ಫೂರ್ತಿಗೊಂಡ ಬೆಲ್ಜಿಯಂನ ಜಾರ್ಜ್ ನಾಗೆಲ್‌ಮಾಕರ್ಸ್ 1883ರಲ್ಲಿ ಪ್ಯಾರಿಸ್ಸಿನಿಂದ ‘ಓರಿಯೆಂಟ್ ಎಕ್ಸ್‌ಪ್ರೆಸ್’ ಹೊರಡಿಸಿದ. ಬಿಳಿಯ ಮೇಜುವಸ್ತ್ರ, ಹೊಳಪಿನ ಮರಗೆಲಸ, ಬೋಗಿಗೊಬ್ಬ ಪರಿಚಾರಕ ಎಂಬ ಮಾದರಿ ಅಲ್ಲಿಂದ ಗಟ್ಟಿಯಾಯಿತು. ಇಂದಿಗೂ ಜಗತ್ತಿನ ಐಷಾರಾಮಿ ರೈಲುಗಳು ಹೆಚ್ಚಾಗಿ ಅದೇ ಮಾದರಿಯನ್ನು ಅನುಸರಿಸುತ್ತವೆ.

ಮೈಸೂರು ಸೀಮೆಗೂ ಇದು ಹೊಸದಲ್ಲ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ಅಲ್ಲಿ ಮಹಾರಾಣಿಯವರ ಪ್ರಯಾಣಕ್ಕೆಂದು ಸಿದ್ಧಪಡಿಸಿದ 1899ರ ಸಲೂನ್ ಬೋಗಿಯನ್ನು ನೋಡಬಹುದು. ಅಡುಗೆಮನೆ, ಊಟದ ಕೋಣೆ, ಶೌಚಗೃಹ ಇವೆಲ್ಲ ಅದರೊಂದಿಗೇ ಇವೆ. ಅರಮನೆಯವರು ಹೊರಟರೆ ಅರಮನೆಯ ಒಂದು ತುಂಡೂ ಜೊತೆಗೆ ಹೊರಡುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ರಾಜರ ಕಾಲ ಮುಗಿದ ಮೇಲೆ ಇಂಥ ಬೋಗಿಗಳು ಅಲ್ಲಲ್ಲಿ ಮೂಲೆ ಸೇರಿದವು. ಅವನ್ನು ಮತ್ತೆ ಹಳಿಗೆ ತಂದು ಹಣ ಕೊಟ್ಟವರಿಗೆ ರಾಜಭೋಗ ಒದಗಿಸುವ ಯೋಚನೆ ರಾಜಸ್ಥಾನದ್ದು. 1982ರ ಜನವರಿ 26ರಂದು ಹೊರಟ ‘ಪ್ಯಾಲೇಸ್ ಆನ್ ವ್ಹೀಲ್ಸ್’ ಹಳೆಯ ಸಂಸ್ಥಾನಗಳ ಬೋಗಿಗಳನ್ನೇ ಜೋಡಿಸಿದ ರೈಲಾಗಿತ್ತು. ಮಹಾರಾಷ್ಟ್ರ 2004ರಲ್ಲಿ ‘ಡೆಕ್ಕನ್ ಒಡಿಸ್ಸಿ’ಯನ್ನು ತಂದಿತು. ಕರ್ನಾಟಕದ ಸರದಿ 2008ರಲ್ಲಿ ಬಂತು. ಆ ವರ್ಷದ ಜನವರಿ 23ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಯಶವಂತಪುರದಲ್ಲಿ ಸುವರ್ಣ ರಥಕ್ಕೆ ಹಸಿರು ನಿಶಾನೆ ತೋರಿದರು. ಮಾರ್ಚ್ 10ರಂದು ಮೊದಲ ವಾಣಿಜ್ಯ ಪ್ರಯಾಣ ಹೊರಟಿತು. ನಡೆಸುವ ಹೊಣೆ ಹೊತ್ತದ್ದು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ.

ಎಂಟು ಜನಕ್ಕೆ ಒಂದು ಬೋಗಿ

ರೈಲಿನಲ್ಲಿ 19 ಬೋಗಿಗಳು. ಅವುಗಳಲ್ಲಿ ಅತಿಥಿಗಳು ಮಲಗುವ ಬೋಗಿಗಳು 11. ಒಂದೊಂದರಲ್ಲೂ ನಾಲ್ಕು ಕೋಣೆ. ಹೀಗೆ ಮೊದಲಿಗೆ ಒಟ್ಟು 44 ಕೋಣೆಗಳಿದ್ದವು. ಉಳಿದವು ಭೋಜನಶಾಲೆ, ಪಾನಗೃಹ, ವ್ಯಾಯಾಮ ಮತ್ತು ಆಯುರ್ವೇದ ಚಿಕಿತ್ಸೆ, ಸಭಾಗೃಹ, ಸಿಬ್ಬಂದಿ, ಜನರೇಟರು ಮುಂತಾದವುಗಳಿಗೆ. ಹನ್ನೊಂದು ಬೋಗಿಗಳಿಗೆ ಇಟ್ಟ ಹೆಸರುಗಳು ಶಾಲೆಯ ಇತಿಹಾಸ ಪುಸ್ತಕವನ್ನು ನೆನಪಿಗೆ ತರುತ್ತವೆ: ಶಾತವಾಹನ, ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಸಂಗಮ, ವಿಜಯನಗರ, ಬಹಮನಿ, ಆದಿಲ್ ಶಾಹಿ, ಯದುಕುಲ. ಸಂಗಮರು ವಿಜಯನಗರವನ್ನು ಆಳಿದ ಮೊದಲ ವಂಶವೇ ಆದ್ದರಿಂದ ಆ ಸಾಮ್ರಾಜ್ಯಕ್ಕೆ ಎರಡು ಬೋಗಿ ದಕ್ಕಿದಂತಾಗಿದೆ.

ಈ ಕೋಣೆಗಳ ವಿಶೇಷ ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಪೆರಂಬೂರಿನ ಕಾರ್ಖಾನೆಯ ಮಾದರಿಯ ರೈಲು ಬೋಗಿಯ ಉದ್ದ ಸುಮಾರು 21.3 ಮೀಟರ್, ಅಗಲ ಸುಮಾರು 3.25 ಮೀಟರ್. ಇಷ್ಟೇ ಜಾಗದಲ್ಲಿ ಸಾಮಾನ್ಯ ಸ್ಲೀಪರ್ ಬೋಗಿ 72 ಜನರನ್ನು ಮಲಗಿಸುತ್ತದೆ. ಸುವರ್ಣ ರಥದಲ್ಲಿ ಅದೇ ಅಳತೆಯ ಬೋಗಿಗೆ ಎಂಟೇ ಜನ. ಉದ್ದವನ್ನು ಹೇಗೆ ಬೇಕಾದರೂ ಹಂಚಿಕೊಳ್ಳಬಹುದು. ಅಗಲ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಸೇತುವೆ, ಸುರಂಗ, ಪ್ಲಾಟ್‌ಫಾರಂಗಳ ಅಂತರಕ್ಕೆ ತಕ್ಕಂತೆ ಅದು ಮೊದಲೇ ನಿಗದಿಯಾಗಿದೆ. ಪಕ್ಕದಲ್ಲಿ ಓಡಾಡಲು ಓಣಿ ಬಿಟ್ಟರೆ ಕೋಣೆಯ ಅಗಲಕ್ಕೆ ಎಂಟು ಅಡಿ ಸಿಗುವುದೂ ಕಷ್ಟ. ಎಷ್ಟು ಹಣ ಕೊಟ್ಟರೂ ಅದು ಹೆಚ್ಚುವುದಿಲ್ಲ. ಹಡಗು ಕಟ್ಟುವವನು ಹಣವಿದ್ದರೆ ಇನ್ನಷ್ಟು ಅಗಲದ ಹಡಗು ಕಟ್ಟಬಹುದು. ರೈಲಿಗೆ ಆ ಸ್ವಾತಂತ್ರ್ಯವಿಲ್ಲ.

ಆದ್ದರಿಂದ ಒಳಾಂಗಣವನ್ನು ರೂಪಿಸುವವರ ಜಾಣ್ಮೆಯೆಲ್ಲ ಮರೆಮಾಚುವುದರಲ್ಲಿರುತ್ತದೆ. ಪೆಟ್ಟಿಗೆಗಳು ಮಂಚದಡಿಗೆ ಹೋಗುತ್ತವೆ. ಗೋಡೆಯೇ ಬೀರುವಾಗುತ್ತದೆ. ಬಚ್ಚಲು ಕೋಣೆಯೊಳಗೇ ಅಡಗಿರುತ್ತದೆ. ಇಂಥ ರೈಲುಗಳಲ್ಲಿ ಹೋಗಿಬಂದವರ ಪ್ರವಾಸ ಲೇಖನಗಳನ್ನು ಓದಿದರೆ ಕೆಲವು ಮಾತುಗಳು ಮತ್ತೆಮತ್ತೆ ಬರುತ್ತವೆ. ಮೊದಲ ನೋಟಕ್ಕೆ ಕೋಣೆ ಚಿಕ್ಕದೆನಿಸುತ್ತದೆ. ಎರಡನೆಯ ದಿನಕ್ಕೆ ಅದು ಸಾಕೆನಿಸುತ್ತದೆ. ಓಡುವ ರೈಲಿನಲ್ಲಿ ಬಿಸಿನೀರಿನ ಸ್ನಾನ ಮಾಡುವುದೇ ಒಂದು ಸೋಜಿಗ. ಹೆಸರು ಹಿಡಿದು ಮಾತಾಡಿಸುವ ಪರಿಚಾರಕರನ್ನು ಹೊಗಳದವರು ಕಡಿಮೆ. ದೂರು ಬರುವುದು ಹೆಚ್ಚಾಗಿ ರಾತ್ರಿಯ ಬಗ್ಗೆ. ಮರಗೆಲಸ ಎಷ್ಟೇ ನಯವಾಗಿದ್ದರೂ ಕೆಳಗಿನ ಚಕ್ರ ಮತ್ತು ಹಳಿ ಎಲ್ಲ ರೈಲುಗಳಿಗೂ ಒಂದೇ. ತಿರುವಿನಲ್ಲಿ ವಾಲುವುದು, ಹಳಿ ಬದಲಿಸುವಾಗ ಕುಲುಕುವುದು, ಬ್ರೇಕಿನ ಎಳೆತ ಇವು ಚಿನ್ನದ ಬಣ್ಣ ನೋಡಿ ಕಡಿಮೆಯಾಗುವುದಿಲ್ಲ. ಲಾಲಿಯಂತೆ ಅದನ್ನು ಅನುಭವಿಸುವವರಿದ್ದಾರೆ, ನಿದ್ದೆ ಬಾರದೆ ಹೊರಳಾಡುವವರೂ ಇದ್ದಾರೆ.

ಇನ್ನೊಂದು ಕೊರಗು ಕಿಟಕಿಯದು. ಹಗಲಿನಲ್ಲಿ ಅತಿಥಿಗಳನ್ನು ಬಸ್ಸಿನಲ್ಲಿ ಪ್ರೇಕ್ಷಣೀಯ ಸ್ಥಳಗಳಿಗೆ ಕರೆದೊಯ್ದು, ಕತ್ತಲಾದ ಮೇಲೆ ಮುಂದಿನ ಊರಿಗೆ ಓಡುವುದು ಈ ಬಗೆಯ ರೈಲುಗಳ ಸಾಮಾನ್ಯ ಕ್ರಮ. ವಿಹಾರ ನೌಕೆಗಳೂ ಹೀಗೆಯೇ: ಹಗಲು ಬಂದರು, ರಾತ್ರಿ ಕಡಲು. ಕಡಲಿನಲ್ಲಿ ರಾತ್ರಿ ನೋಡುವಂಥದ್ದು ಹೆಚ್ಚೇನೂ ಇಲ್ಲವಾದ್ದರಿಂದ ನಷ್ಟವಿಲ್ಲ. ನೆಲದ ಮೇಲೆ ಹಾಗಲ್ಲ. ಹಾಸನದಿಂದ ಹೊಸಪೇಟೆಯ ಕಡೆಗೆ ಹೊರಟ ರೈಲಿಗೆ ಸಹಜವಾದ ದಾರಿ ದುದ್ದ, ಅರಸೀಕೆರೆಗಳ ಮೇಲೆಯೇ. ದುದ್ದದ ಸಮೀಪದ ಕೋರವಂಗಲದಲ್ಲಿ ಬೂಚೇಶ್ವರ ದೇವಾಲಯವಿದೆ. 1173ರಲ್ಲಿ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜ ಎಂಬ ಅಧಿಕಾರಿ ಕಟ್ಟಿಸಿದ ಗುಡಿ ಅದು. ಹೊಯ್ಸಳರ ಹೆಸರಿನ ಬೋಗಿಯಲ್ಲಿ ಮಲಗಿದವನು ಹೊಯ್ಸಳರ ಗುಡಿಯ ಆಸುಪಾಸಿನಲ್ಲೇ ನಿದ್ದೆಯಲ್ಲಿ ಹಾದುಹೋಗುತ್ತಾನೆ.

ಅಡುಗೆಯ ಮನೆತನ

ಊಟದ ಬೋಗಿಗಳು ಎರಡು. ಒಂದಕ್ಕೆ ‘ರುಚಿ’ ಎಂದು ಹೆಸರು, ಇನ್ನೊಂದಕ್ಕೆ ‘ನಳ’. ಇತ್ತೀಚೆಗೆ ಅದನ್ನು ‘ನಳಪಾಕ’ ಎನ್ನುತ್ತಾರೆ. ಪಾನಗೃಹ ‘ಮದಿರಾ’. ಇವುಗಳಲ್ಲಿ ನಳನ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಒಳ್ಳೆಯ ಅಡುಗೆಗೆ ನಳಪಾಕವೆನ್ನುವುದು ಎಲ್ಲರಿಗೂ ಗೊತ್ತು. ಆದರೆ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಬಳಿ ಸೇರಿದ್ದು ಸಾರಥಿಯಾಗಿ. ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ರಥ ಓಡಿಸಿದ್ದು ಅವನೇ. ಅವನ ಕೈಯಡುಗೆಯ ರುಚಿಯಿಂದಲೇ ದಮಯಂತಿ ಗುರುತು ಹಿಡಿದಳೆಂದು ಮಹಾಭಾರತದ ಕಥೆ. ಕನ್ನಡದಲ್ಲಿ ಕನಕದಾಸರ ‘ನಳಚರಿತ್ರೆ’ಯಿಂದ ಈ ಕಥೆ ಮನೆಮಾತಾಗಿದೆ. ರಥವನ್ನೂ ಒಲೆಯನ್ನೂ ಒಟ್ಟಿಗೆ ಬಲ್ಲವನ ಹೆಸರು ಓಡುವ ಭೋಜನಶಾಲೆಗೆ ಬೇರೆಲ್ಲಿ ಸಿಗಬೇಕು?

ಓಡುವ ರೈಲಿನಲ್ಲಿ ಅಡುಗೆ ಮಾಡುವುದು ಸುಲಭದ ಕೆಲಸವಲ್ಲ. ಅಡುಗೆಮನೆಯೂ ಅದೇ ಹತ್ತಡಿ ಅಗಲದ ಬೋಗಿಯ ಒಂದು ಭಾಗ. ನೀರು ತೊಟ್ಟಿಯಲ್ಲಿ ಇದ್ದಷ್ಟೇ. ಮತ್ತೆ ತುಂಬಬೇಕಾದರೆ ನಿಲ್ದಾಣ ಬರಬೇಕು. ಸಾರಿನ ಪಾತ್ರೆಯನ್ನು ತುಂಬಾ ತುಂಬುವಂತಿಲ್ಲ. ತರಕಾರಿ, ಹಾಲು, ಮೀನುಗಳನ್ನು ಯಾವ ಊರಿನಲ್ಲಿ ಹತ್ತಿಸಿಕೊಳ್ಳಬೇಕೆಂದು ಮೊದಲೇ ಗೊತ್ತುಮಾಡಿರಬೇಕು. ಊಟ ಬಡಿಸುವವನು ಬೋಗಿ ಕುಲುಕಿದಾಗ ಸೊಂಟದಿಂದ ತೂಗಿ ತಟ್ಟೆಯನ್ನು ಸಮವಾಗಿ ಹಿಡಿಯುವುದನ್ನು ಕಲಿತಿರಬೇಕು. ಇಷ್ಟೆಲ್ಲ ಇಕ್ಕಟ್ಟಿನಲ್ಲಿ ಮೇಜಿಗೆ ಬಂದ ಊಟವಾದ್ದರಿಂದಲೇ ಪ್ರಯಾಣಿಕರು ಅದಕ್ಕೆ ಒಂದು ಪಾಲು ಹೆಚ್ಚು ಅಂಕ ಕೊಡುತ್ತಾರೆ.

ಬಡಿಸುವುದು ಏನನ್ನು ಎಂಬುದು ಬೇರೆ ಪ್ರಶ್ನೆ. ವಿದೇಶಿ ಅತಿಥಿಯ ನಾಲಗೆಗೆ ಖಾರ ತಾಗದಂತೆ ಪಾಶ್ಚಾತ್ಯ ಅಡುಗೆ, ಎಲ್ಲರೂ ಕೇಳುವ ಉತ್ತರ ಭಾರತದ ಅಡುಗೆ, ಜೊತೆಗೆ ದಕ್ಷಿಣದ ತಿಂಡಿ ಮತ್ತು ಥಾಲಿ, ಹೀಗೆ ಎಲ್ಲರನ್ನೂ ಸಂತೋಷಪಡಿಸುವ ಪಟ್ಟಿ ಇಂಥ ಕಡೆಗಳಲ್ಲೆಲ್ಲ ಸಾಮಾನ್ಯ. ತೊಂದರೆಯೇನೆಂದರೆ, ಎಲ್ಲರನ್ನೂ ಸಂತೋಷಪಡಿಸುವ ಪಟ್ಟಿಯಲ್ಲಿ ಊರಿನ ರುಚಿ ಹಿಂದೆ ಬೀಳುತ್ತದೆ. ಹಾಸನ ಸೀಮೆಯನ್ನು ದಾಟುವವನಿಗೆ ರಾಗಿಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ನಂಬಿ ಕೊಡುವ ಧೈರ್ಯ ಬೇಕು. ಬೇಲೂರಿನ ಶಿಲಾಬಾಲಿಕೆಯನ್ನು ಹೆಮ್ಮೆಯಿಂದ ತೋರಿಸುವವರು ಸೊಪ್ಪಿನ ಬಸ್ಸಾರನ್ನು ತೋರಿಸಲು ಸಂಕೋಚಪಡುವುದು ವಿಚಿತ್ರವೇ ಸರಿ.

ರೈಲಿನ ಊಟಕ್ಕೆ ಈ ನಾಡಿನಲ್ಲಿ ಇನ್ನೊಂದು ಇತಿಹಾಸವೂ ಇದೆ, ಅದು ಅರಮನೆಯದಲ್ಲ. ಬ್ರಿಟಿಷರ ಕಾಲದ ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ, ಮುಸ್ಲಿಮರಿಗೆ ಬೇರೆ ನೀರು ಕೊಡುತ್ತಿದ್ದರು. ಉಪಾಹಾರ ಗೃಹಗಳೂ ಬೇರೆಬೇರೆ. ಯಾರ ಕೈಯ ನೀರು, ಯಾರು ಮಾಡಿದ ಅನ್ನ ಎಂಬ ಚಿಂತೆಯಲ್ಲಿ ಜನ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಚಿತ್ರಾನ್ನ, ಮೊಸರನ್ನ, ರೊಟ್ಟಿ–ಚಟ್ನಿ ಇವು ಕೆಡದೆ ಉಳಿಯುವ ಅನುಕೂಲದ ಜೊತೆಗೆ ಮಡಿಯ ಸಮಸ್ಯೆಯನ್ನೂ ಬಗೆಹರಿಸುತ್ತಿದ್ದವು. ಮೂರನೆಯ ದರ್ಜೆಯ ಪ್ರಯಾಣಿಕರ ಪಾಡನ್ನು, ಅವರಿಗೆ ಸಿಗುತ್ತಿದ್ದ ಕೊಳಕು ತಿಂಡಿಯನ್ನು ಗಾಂಧೀಜಿ 1917ರಲ್ಲಿ ಬಹಿರಂಗವಾಗಿ ಬರೆದು ಖಂಡಿಸಿದರು. ಅದೇ 1917ರಲ್ಲಿ ಮದ್ದೂರು ನಿಲ್ದಾಣದ ಸಸ್ಯಾಹಾರಿ ಉಪಾಹಾರ ಗೃಹದಲ್ಲಿ ರಾಮಚಂದ್ರ ಬುಧ್ಯ ಎಂಬವರು ರೈಲು ಬರುವ ಅವಸರದಲ್ಲಿ ಪಕೋಡದ ಹಿಟ್ಟನ್ನು ತಟ್ಟಿ ಕರಿದದ್ದೇ ಮದ್ದೂರು ವಡೆಯಾಯಿತೆಂದು ಹೇಳುತ್ತಾರೆ. ನಿಲ್ದಾಣದಲ್ಲಿ ಹುಟ್ಟಿ, ಕಿಟಕಿಯಿಂದ ಕಿಟಕಿಗೆ ಮಾರಾಟವಾಗಿ, ಜಾತಿ ಕೇಳದೆ ಎಲ್ಲರ ಕೈ ಸೇರಿದ ತಿನಿಸು ಅದು. ಬುತ್ತಿಯ ಗಂಟು ಬಿಚ್ಚಿದಾಗ ಎದುರಿಗೆ ಕೂತ ಅಪರಿಚಿತನಿಗೂ ಒಂದು ತುತ್ತು ಕೊಡುವ ರೂಢಿ ಎಷ್ಟೋ ಕಟ್ಟಳೆಗಳನ್ನು ಸದ್ದಿಲ್ಲದೆ ಸಡಿಲಿಸಿತು. ರೈಲು ಕನ್ನಡಿಗರಿಗೆ ಕಲಿಸಿದ ಸಹಭೋಜನ ಹೆಚ್ಚಾಗಿ ಆದದ್ದು ಸಾಧಾರಣ ದರ್ಜೆಯ ಮರದ ಬೆಂಚಿನ ಮೇಲೆ.

ಲಾಭ ಯಾರಿಗೆ?

ಇಂಥ ರೈಲು ಯಾಕೆ ಬೇಕು ಎಂಬ ಪ್ರಶ್ನೆಗೆ ಸರ್ಕಾರಗಳ ಉತ್ತರ ಸರಳವಾಗಿತ್ತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಒಂದಕ್ಕೊಂದು ದೂರ. ಹಣವುಳ್ಳ ವಿದೇಶಿ ಪ್ರವಾಸಿಗೆ ಒಪ್ಪುವ ಹೋಟೆಲುಗಳು ಎಲ್ಲ ಕಡೆ ಇಲ್ಲ. ಹೋಟೆಲನ್ನೇ ಚಕ್ರದ ಮೇಲಿಟ್ಟು ಕಳಿಸಿದರೆ ಸಮಸ್ಯೆ ತೀರುತ್ತದೆ. ವಾದದಲ್ಲಿ ಹುರುಳಿತ್ತು. 2013ರಲ್ಲಿ ವಿಶ್ವ ಪ್ರವಾಸ ಪ್ರಶಸ್ತಿಗಳಲ್ಲಿ ಏಷ್ಯಾದ ಮುಂಚೂಣಿಯ ಐಷಾರಾಮಿ ರೈಲೆಂಬ ಮನ್ನಣೆಯೂ ಸುವರ್ಣ ರಥಕ್ಕೆ ಸಿಕ್ಕಿತು.

ಆದರೆ ಹೊಗಳಿಕೆಯಿಂದ ಕೋಣೆ ತುಂಬುವುದಿಲ್ಲ. ರೈಲು ಹೊರಟ 2008ರ ಕೊನೆಯಲ್ಲೇ ಜಗತ್ತಿನ ಆರ್ಥಿಕ ಕುಸಿತ ಮತ್ತು ಮುಂಬಯಿ ಮೇಲಿನ ದಾಳಿ ಪ್ರವಾಸೋದ್ಯಮವನ್ನು ತಟ್ಟಿದವು. ಹಳಿ ಮತ್ತು ಎಂಜಿನ್ನಿಗಾಗಿ ರೈಲ್ವೆಗೆ ತೆರಬೇಕಾದ ಶುಲ್ಕ ಭಾರವಾಯಿತು. ಒಂದು ಬೋಗಿಗೆ ಎಂಟು ಜನರೆಂದರೆ ಎರಡು ಕೋಣೆ ಖಾಲಿ ಉಳಿದರೂ ಅರ್ಧ ಆದಾಯ ಹೋದಂತೆ. ವರ್ಷದ ಒಣ ತಿಂಗಳುಗಳಲ್ಲಿ ಮಾತ್ರ ಓಡುವ ರೈಲಿನ ಸಿಬ್ಬಂದಿ, ನಿರ್ವಹಣೆ ಇವುಗಳ ಖರ್ಚು ಮಳೆಗಾಲದಲ್ಲೂ ನಿಲ್ಲುವುದಿಲ್ಲ. ನಷ್ಟ ಏರಿತು. 2019ರ ನವೆಂಬರ್‌ನಲ್ಲಿ ರೈಲ್ವೆಯ ಆಹಾರ ಮತ್ತು ಪ್ರವಾಸೋದ್ಯಮ ನಿಗಮಕ್ಕೆ ನಡೆಸುವ ಹೊಣೆ ವಹಿಸುವ ಒಪ್ಪಂದವಾಯಿತು. 2021ರ ಮಾರ್ಚ್‌ನಲ್ಲಿ ಮತ್ತೆ ಹೊರಟ ರೈಲನ್ನು ಕೋವಿಡ್ ತಡೆಯಿತು. ನವೀಕರಣಗೊಂಡು 2024ರ ಡಿಸೆಂಬರ್‌ನಲ್ಲಿ ಅದು ಪುನಃ ಹಳಿಗೆ ಬಂತು. ಆಗ ಇದ್ದದ್ದು 40 ಕೋಣೆ, 80 ಅತಿಥಿಗಳಿಗೆ ಜಾಗ. ಅಂಗವಿಕಲರಿಗೆಂದು ಒಂದು ಕೋಣೆಯನ್ನು ಪ್ರತ್ಯೇಕವಾಗಿ ಸಜ್ಜುಗೊಳಿಸಲಾಗಿತ್ತು. ಐದು ರಾತ್ರಿಗಳ ಪ್ರವಾಸಕ್ಕೆ ತಲೆಗೆ ಸುಮಾರು 4 ಲಕ್ಷ ರೂಪಾಯಿ ದರ.

ರೈಲಿನ ಲೆಕ್ಕಪುಸ್ತಕದಷ್ಟೇ ಮುಖ್ಯವಾದದ್ದು ದಾರಿಯ ಊರುಗಳ ಲೆಕ್ಕ. ವಿಹಾರ ನೌಕೆಗಳ ಬಗ್ಗೆ ಲೋಕದಾದ್ಯಂತ ಇರುವ ದೂರು ಒಂದೇ: ಹಡಗಿನವರು ಊಟ, ನಿದ್ದೆ ಎರಡನ್ನೂ ಹಡಗಿನಲ್ಲೇ ಮುಗಿಸುತ್ತಾರೆ, ಊರಿಗೆ ಉಳಿಯುವುದು ನೂಕುನುಗ್ಗಲು ಮಾತ್ರ. ವೆನಿಸ್ ನಗರದ ಹಳೆಯ ಜಲಮಾರ್ಗದಿಂದ ದೊಡ್ಡ ಹಡಗುಗಳನ್ನು 2021ರಲ್ಲಿ ಹೊರಗಿಟ್ಟದ್ದರ ಹಿಂದೆ ಕಟ್ಟಡಗಳ ರಕ್ಷಣೆಯ ಜೊತೆಗೆ ಇಂಥ ಅಸಮಾಧಾನವೂ ಇತ್ತು. ನಮ್ಮ ಮಂಗಳೂರು ಬಂದರಿಗೂ ವಿಹಾರ ನೌಕೆಗಳು ಬರುತ್ತವೆ. ಇಳಿದವರು ಮೂಡಬಿದಿರೆಯ ಬಸದಿಯನ್ನೋ ಕುದ್ರೋಳಿಯ ದೇವಾಲಯವನ್ನೋ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಎಂಬತ್ತು ಜನರ ರೈಲಿನಿಂದ ಬೇಲೂರಿನಲ್ಲಿ ನೂಕುನುಗ್ಗಲೇನೂ ಆಗದು. ಆದರೆ ಅದೇ ಲೆಕ್ಕದಲ್ಲಿ ಅಲ್ಲಿನ ಹೋಟೆಲಿಗೆ, ಖಾನಾವಳಿಗೆ, ಎಳನೀರಿನವನಿಗೆ ಸಿಗುವುದೂ ಅಲ್ಪ. ಗೈಡುಗಳಿಗೆ, ಬಸ್ಸಿನವರಿಗೆ, ಸಂಜೆ ನೃತ್ಯ ತೋರಿಸುವ ತಂಡಗಳಿಗೆ ಒಂದಿಷ್ಟು ಕೆಲಸ ಸಿಗುತ್ತದೆ, ಅಷ್ಟೆ.

ಹಾಗೆಂದು ಈ ರೈಲನ್ನು ಬರಿಯ ದುಂದು ಎಂದು ತಳ್ಳಿಹಾಕುವುದೂ ಸರಿಯಲ್ಲ. ಸಾವಿರಾರು ಮೈಲಿ ದೂರದವನು ಕದಂಬ, ರಾಷ್ಟ್ರಕೂಟ ಎಂಬ ಹೆಸರುಗಳನ್ನು ನಾಲಗೆ ತಿರುಗಿಸಿ ಉಚ್ಚರಿಸುವಂತೆ ಮಾಡಿದ್ದು ಅದೇ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹಾಸನ ಜಿಲ್ಲೆಗೆ ಬರುವವರ ಸಂಖ್ಯೆ ಬೆಳೆಯುವುದು ಸಹಜ. ಅವರು ಹೇಗೆ ಬರುತ್ತಾರೆ, ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದರ ಮೇಲೆ ಈ ಸೀಮೆಯ ಪಾಲು ನಿರ್ಧಾರವಾಗುತ್ತದೆ.

ಅದಕ್ಕೆ ದೊಡ್ಡ ಯೋಜನೆಗಳೇ ಬೇಕಾಗಿಲ್ಲ. ಐದು ರಾತ್ರಿಗಳಲ್ಲಿ ಒಂದು ಹೊತ್ತಿನ ಊಟವನ್ನಾದರೂ ರೈಲಿನಿಂದ ಇಳಿಸಿ ಊರಿನವರ ಕೈಗೆ ಕೊಡಬಹುದು. ದಾರಿಯ ಒಂದು ತುಂಡನ್ನಾದರೂ ಹಗಲಿನಲ್ಲಿ ಓಡಿಸಿದರೆ ಅರಸೀಕೆರೆಯ ಕಡೆಯ ತೆಂಗಿನ ತೋಟಗಳೂ ಹಾಸನದ ಆಲೂಗಡ್ಡೆ ಹೊಲಗಳೂ ಪ್ರಯಾಣಿಕನ ನೆನಪಿನಲ್ಲಿ ಉಳಿದಾವು. ಪ್ರಸಿದ್ಧ ಗುಡಿಗಳ ಜೊತೆಗೆ ಕೋರವಂಗಲದಂಥ ಒಂದು ಗುಡಿಯನ್ನು ಸೇರಿಸಿದರೆ ಅದರ ದಾರಿ, ನೀರು, ಶೌಚಾಲಯಗಳ ಕಡೆಗೆ ಇಲಾಖೆಗಳ ಕಣ್ಣು ಬಿದ್ದೀತು. ಆ ಅನುಕೂಲ ಊರಿನವರಿಗೂ ಉಳಿದೀತು. 1917ರ ಸುಮಾರಿಗೆ ಈ ಸೀಮೆಗೆ ಹಳಿ ಬಂದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಒಳನಾಡಿನ ಊರುಗಳನ್ನು ಪೇಟೆಗೂ ಲೋಕಕ್ಕೂ ಸೇರಿಸುವುದು ಅಂದಿನ ಉದ್ದೇಶ. ಸುವರ್ಣ ರಥ ಒಳ್ಳೆಯ ಊಟ ಹಾಕುತ್ತದೆ, ಒಳ್ಳೆಯ ಹಾಸಿಗೆ ಕೊಡುತ್ತದೆ ಎಂದು ಹೋಗಿಬಂದವರು ಹೇಳುವುದು ನಿಜವೇ ಇರಬಹುದು. ಹಳಿಯ ಪಕ್ಕದ ಊರಿಗೆ ಅದರಿಂದ ಏನು ಸಿಕ್ಕಿತು ಎಂದು ಕೇಳುವ ಹಕ್ಕು ದುದ್ದದವರಿಗೂ ಇದೆ.